ಮುಖವೂ ಬೆಳಕೂ: ಭಾವಚಿತ್ರದ ವಿದ್ಯೆಯನ್ನು ಕುರಿತು ಒಂದು ವಿಚಾರ

ಮನುಷ್ಯನು ಲೋಕದ ಎಲ್ಲರ ಮುಖವನ್ನೂ ನೇರವಾಗಿ ಕಾಣಬಲ್ಲನು. ತನ್ನ ಮುಖವನ್ನು ಮಾತ್ರ ಕಾಣಲಾರನು. ಕನ್ನಡಿ ತೋರಿಸುವುದಾದರೂ ಎಡಬಲಗಳು ಅದಲುಬದಲಾದ ಮುಖವನ್ನು. ತಾನು ಇತರರ ಕಣ್ಣಿಗೆ ಹೇಗೆ ಕಾಣುತ್ತೇನೆಂಬುದನ್ನು ತಿಳಿಯುವ ಹಂಬಲ ಅವನಿಗೆ ಹಿಂದಿನಿಂದಲೂ ಇದ್ದುದೇ. ಬಹುಕಾಲ ಆ ಭಾಗ್ಯ ಅರಸರಿಗೂ ಶ್ರೀಮಂತರಿಗೂ ಮೀಸಲಾಗಿತ್ತು. ಚಿತ್ರಕಾರನನ್ನು ಕರೆಸಿ, ದಿನಗಟ್ಟಲೆ ಅವನ ಮುಂದೆ ಕುಳಿತುಕೊಳ್ಳುವ ಬಿಡುವೂ ಹಣವೂ ಉಳ್ಳವರಿಗೆ ಮಾತ್ರ ಭಾವಚಿತ್ರ ದೊರೆಯುತ್ತಿತ್ತು. 1839ರಲ್ಲಿ ಫ್ರಾನ್ಸಿನ ಡಾಗೇರ್ ಎಂಬಾತನ ವಿಧಾನ ಲೋಕಕ್ಕೆ ಪ್ರಕಟವಾದ ಮೇಲೆ ಈ ಮೀಸಲು ಮೆಲ್ಲಮೆಲ್ಲನೆ ಸಡಿಲಗೊಂಡಿತು. ಇಂದು ಹೊಲಕ್ಕೆ ಹೋಗುವವನ ಜೇಬಿನಲ್ಲಿಯೂ ಕ್ಯಾಮರಾ ಉಳ್ಳ ಮೊಬೈಲು ಇದೆ. ಆದರೂ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮನೆಗಳಲ್ಲಿ ಒಂದು ಒಳ್ಳೆಯ ಭಾವಚಿತ್ರವನ್ನು ಹುಡುಕಲು ಹೊರಟರೆ ನಿರಾಶೆಯೇ ಹೆಚ್ಚು.

ಈ ಮಾತು ಅತಿಯಾಯಿತೆಂದು ತೋರಿದರೆ, ಹಳ್ಳಿಯ ಮನೆಯೊಂದರಲ್ಲಿ ಹಿರಿಯರು ತೀರಿಕೊಂಡ ದಿನವನ್ನು ಓದುಗರು ನೆನೆದುಕೊಳ್ಳಬೇಕು. ಹಾರ ಹಾಕಲು ಒಂದು ಭಾವಚಿತ್ರ ಬೇಕು. ಮಕ್ಕಳು ಪೆಟ್ಟಿಗೆ, ಬೀರುಗಳನ್ನೆಲ್ಲ ತಡಕಾಡುತ್ತಾರೆ. ಮೊಬೈಲಿನಲ್ಲಿ ಮದುವೆಯ ಗುಂಪುಚಿತ್ರಗಳು ನೂರಾರಿವೆ. ಎಲ್ಲದರಲ್ಲಿಯೂ ಅಜ್ಜಿ ಹಿಂದಿನ ಸಾಲಿನಲ್ಲಿ, ಅರ್ಧ ಮುಖ ಬೇರೆಯವರ ಭುಜದ ಮರೆಯಲ್ಲಿ. ಕಡೆಗೆ ಸಿಕ್ಕುವುದು ಮತದಾರರ ಗುರುತಿನ ಚೀಟಿ ಅಥವಾ ಆಧಾರ್ ಕಾರ್ಡು. ಅದರಲ್ಲಿನ ಹೆಬ್ಬೆಟ್ಟಿನಷ್ಟು ಚಿತ್ರವನ್ನು ಪಟ್ಟಣದ ಸ್ಟುಡಿಯೊಗೆ ಕೊಂಡೊಯ್ದು ದೊಡ್ಡದು ಮಾಡಿಸುತ್ತಾರೆ. ಹಿಂದೆ ನೀಲಿಯ ಆಕಾಶ ಬರುತ್ತದೆ. ಬದುಕಿನುದ್ದಕ್ಕೂ ಪಂಚೆ, ಹೆಗಲ ಮೇಲೊಂದು ಟವೆಲು ಬಿಟ್ಟು ಬೇರೇನನ್ನೂ ಉಡದ ಅಜ್ಜ ಚೌಕಟ್ಟಿನೊಳಗೆ ಕೋಟು ತೊಟ್ಟು, ಟೈ ಕಟ್ಟಿ ಕುಳಿತಿರುತ್ತಾನೆ! ಸರತಿಯ ಸಾಲಿನಲ್ಲಿ ನಿಂತು ದಣಿದ ಕ್ಷಣದಲ್ಲಿ, ತಲೆಯ ಮೇಲಿನ ಟ್ಯೂಬ್‌ಲೈಟಿನ ಕೆಳಗೆ, ಕಣ್ಣಿನ ಗುಳಿಗಳಲ್ಲಿ ಕತ್ತಲು ತುಂಬಿದಂತೆ ತೆಗೆದ ಆ ಮುಖವೇ ಮೊಮ್ಮಕ್ಕಳ ಪಾಲಿಗೆ ಅಜ್ಜನ ಮುಖವಾಗಿ ಉಳಿಯುತ್ತದೆ.

ಇದಕ್ಕೆ ಕಾರಣ ಯಂತ್ರದ ಕೊರತೆಯಲ್ಲವೆಂಬುದು ಸ್ಪಷ್ಟ. ಬೆಳಕನ್ನು ಕುರಿತ ಅರಿವು ನಮ್ಮಲ್ಲಿ ಇಲ್ಲವಾಗಿದೆ. ಈ ಅರಿವು ದುಬಾರಿಯೂ ಅಲ್ಲ, ಗಹನವೂ ಅಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗೆ ಕೆಲವು ಶನಿವಾರಗಳಲ್ಲಿ ಕಲಿಸಬಹುದಾದದ್ದು, ಕಲಿಸಬೇಕಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ವಿದ್ವಜ್ಜನರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಮೊದಲು ಹೆಸರನ್ನೇ ಗಮನಿಸೋಣ. ಪಾಶ್ಚಾತ್ಯರು ಈ ಕಲೆಗೆ ಇಟ್ಟ ಹೆಸರಿನ ಅರ್ಥ 'ಬೆಳಕಿನ ಬರಹ' ಎಂದು. ನಮ್ಮವರು ಅದನ್ನು ಕನ್ನಡಿಸುವಾಗ 'ಛಾಯಾಚಿತ್ರ' ಎಂದರು; ಛಾಯೆ ಎಂದರೆ ನೆರಳು. ಹೀಗೆ ಹೆಸರಿಟ್ಟ ಹಿರಿಯರು ಯಾರೋ ತಿಳಿಯದು, ಆದರೆ ಅವರು ವಿದ್ಯೆಯ ತಿರುಳನ್ನು ಬಲ್ಲವರಾಗಿದ್ದರೆಂದೇ ಹೇಳಬೇಕು. ಕಾಗದ ಚಪ್ಪಟೆ, ಮುಖ ಉಬ್ಬುತಗ್ಗುಗಳುಳ್ಳದ್ದು. ಮೂಗು ಎದ್ದಿದೆ, ಕಣ್ಣು ಒಳಸರಿದಿದೆ, ಗಲ್ಲ ದುಂಡಗಿದೆ ಎಂಬುದನ್ನು ಚಪ್ಪಟೆ ಕಾಗದದ ಮೇಲೆ ನಂಬಿಸುವುದು ನೆರಳು ಮಾತ್ರ. ನೆರಳನ್ನೆಲ್ಲ ಅಳಿಸಿದರೆ ಮುಖವೂ ಅಳಿಯುತ್ತದೆ. ಕ್ಯಾಮರಾದ ನೆತ್ತಿಯ ಮೇಲಿನ ಫ್ಲ್ಯಾಶಿನಿಂದ ನೇರವಾಗಿ ಹೊಡೆದ ಚಿತ್ರದಲ್ಲಿ ಮುಖ ರೊಟ್ಟಿಯಂತೆ ಕಾಣುವುದು ಈ ಕಾರಣದಿಂದಲೇ.

ವಿದ್ಯಾರ್ಥಿಯು ಆರಂಭದಲ್ಲಿ ಒಂದೇ ಬೆಳಕಿನಿಂದ ಕೆಲಸ ಮಾಡಬೇಕು. ಪುಸ್ತಕಗಳು ಮುಖ್ಯ ಬೆಳಕು, ಪೂರಕ ಬೆಳಕು, ಕೂದಲಿನ ಅಂಚಿನ ಬೆಳಕು, ಹಿನ್ನೆಲೆಯ ಬೆಳಕು ಎಂದು ನಾಲ್ಕನ್ನು ಹೇಳುತ್ತವೆ. ನಾಲ್ಕನ್ನೂ ಒಮ್ಮೆಗೇ ಹೊತ್ತಿಸಿದ ಹುಡುಗನಿಗೆ ಯಾವ ದೀಪ ಏನು ಮಾಡಿತೆಂಬುದು ತಿಳಿಯುವುದೇ ಇಲ್ಲ. ಸೂರ್ಯ ಒಬ್ಬನೇ ಇದ್ದಾನೆ. ಲಕ್ಷಾಂತರ ವರ್ಷಗಳಿಂದ ನಮ್ಮ ಕಣ್ಣು ಒಂದೇ ದಿಕ್ಕಿನ ಬೆಳಕಿಗೆ, ಅದೂ ಮೇಲಿನಿಂದ ಬೀಳುವ ಬೆಳಕಿಗೆ ಪಳಗಿದೆ. ದೀಪವನ್ನು ಮುಖದ ಕೆಳಗಿಟ್ಟರೆ ಏನಾಗುವುದೆಂಬುದನ್ನು ನಮ್ಮ ಹಳ್ಳಿಗಳ ಪೌರಾಣಿಕ ನಾಟಕ ನೋಡಿದವರಿಗೆ ಹೇಳಬೇಕಾಗಿಲ್ಲ. ರಂಗದ ಅಂಚಿನ ಕೆಳದೀಪಗಳ ಮುಂದೆ ಬಂದು ನಿಂತರೆ ಸಾಧುಸ್ವಭಾವದ ಮೇಷ್ಟ್ರ ಮುಖವೂ ಕೀಚಕನದಾಗುತ್ತದೆ.

ಆ ಒಂದು ದೀಪವನ್ನು ಎಲ್ಲಿಡಬೇಕು? ಕುಳಿತವರ ಕಣ್ಣಿನ ಮಟ್ಟಕ್ಕಿಂತ ತುಸು ಎತ್ತರದಲ್ಲಿ, ಎದುರಿನಿಂದ ಒಂದು ಬದಿಗೆ ಸುಮಾರು 45 ಡಿಗ್ರಿಯಷ್ಟು ಸರಿಸಿ ಇಡಬೇಕೆಂಬುದು ಮೊದಲ ಪಾಠ. ಅಲ್ಲಿಂದ ಅದನ್ನು ಮೆಲ್ಲಗೆ ಅತ್ತಿತ್ತ ಒಯ್ಯುತ್ತ ಮೂಗಿನ ನೆರಳನ್ನು ನೋಡುತ್ತಿರಬೇಕು. ದೀಪ ನೇರ ಎದುರಿಗೆ ಎತ್ತರದಲ್ಲಿದ್ದಾಗ ನೆರಳು ಮೂಗಿನಡಿಯಲ್ಲಿ ಪುಟ್ಟ ಚಿಟ್ಟೆಯಂತೆ ಕೂರುತ್ತದೆ. ಬದಿಗೆ ಸರಿದಂತೆ ಕೆನ್ನೆಯ ಕಡೆಗೆ ಬಾಗುತ್ತದೆ. ಇನ್ನೂ ಸರಿದರೆ ಆ ನೆರಳು ಕೆನ್ನೆಯ ನೆರಳನ್ನು ಮುಟ್ಟಿ, ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನವನ್ನು ಉಳಿಸುತ್ತದೆ. 17ನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿನಿಂದ ಇಂದಿಗೂ ಕರೆಯಲಾಗುವ ಬೆಳಕು ಇದೇ. ದೀಪ ಪೂರ್ತಿ ಪಕ್ಕಕ್ಕೆ ಹೋದಾಗ ಮುಖ ನಡುವೆ ಸೀಳಿದಂತೆ ಅರ್ಧ ಬೆಳಕು, ಅರ್ಧ ಕತ್ತಲು. ಇಷ್ಟನ್ನು ಕಣ್ಣಾರೆ ಕಂಡವನಿಗೆ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಒಂದನ್ನು ಮಾತ್ರ ಮರೆಯಬಾರದು: ಎರಡು ಕಣ್ಣುಗಳಲ್ಲಿಯೂ ದೀಪದ ಒಂದೊಂದು ಹೊಳಪು ಕಾಣುತ್ತಿರಬೇಕು. ಆ ಚುಕ್ಕೆ ಇಲ್ಲದ ಕಣ್ಣು ಚಿತ್ರದಲ್ಲಿ ಜೀವವಿಲ್ಲದ ಕಣ್ಣು.

ಎರಡನೆಯದು ಬೆಳಕಿನ ಮೃದುತ್ವ. ಬೇಸಗೆಯ ನಡುಹಗಲಿನಲ್ಲಿ ನೆರಳು ಕತ್ತಿಯಿಂದ ಕೊಯ್ದಂತೆ ಇರುತ್ತದೆ. ಮೋಡ ಕವಿದ ಶ್ರಾವಣದಲ್ಲಿ ನೆರಳೇ ಕಾಣದು. ಸೂರ್ಯ ಅವನೇ; ಆದರೆ ಮೋಡವಿದ್ದಾಗ ಇಡೀ ಆಕಾಶವೇ ದೀಪವಾಗಿರುತ್ತದೆ. ದೀಪ ಎಷ್ಟು ಅಗಲವೋ, ಮುಖಕ್ಕೆ ಎಷ್ಟು ಹತ್ತಿರವೋ ಅಷ್ಟು ಮೃದು. ಸ್ಟುಡಿಯೊಗಳ ಬಿಳಿಯ ಕೊಡೆಯೂ ಬಟ್ಟೆಯ ಪೆಟ್ಟಿಗೆಯೂ ಮಾಡುವುದು ಮೋಡದ ಕೆಲಸವನ್ನೇ. ಅವುಗಳ ಬದಲಿಗೆ ಚೌಕಟ್ಟಿಗೆ ಬಿಗಿದ ಒಂದು ಬಿಳಿಯ ಪಂಚೆ ಸಾಕು. ದೂರದ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದೀಪದಿಂದ 3 ಅಡಿ ದೂರದಲ್ಲಿರುವ ಮುಖಕ್ಕೆ ಬೀಳುವ ಬೆಳಕಿನ ಕಾಲುಭಾಗ ಮಾತ್ರ 6 ಅಡಿ ದೂರದಲ್ಲಿರುವ ಗೋಡೆಗೆ ಬೀಳುತ್ತದೆ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದಾಗುವ ಈ ನಿಯಮವನ್ನು ಬಲ್ಲವನು, ಬಣ್ಣ ಬಳಿಯದೆಯೇ ಬಿಳಿಯ ಗೋಡೆಯನ್ನು ಬೂದು ಮಾಡಬಲ್ಲನು, ಕಪ್ಪನ್ನೂ ಮಾಡಬಲ್ಲನು.

ಪುಸ್ತಕಗಳು ಉತ್ತರದ ಕಿಟಕಿಯನ್ನು ಬಹುವಾಗಿ ಹೊಗಳುತ್ತವೆ. ಅವು ಯೂರೋಪಿನಲ್ಲಿ ಬರೆದವು. ಅಲ್ಲಿ ಹಗಲಿನ ಸೂರ್ಯ ದಕ್ಷಿಣದಲ್ಲಿಯೇ ಸಾಗುವುದರಿಂದ ಉತ್ತರದ ಕಿಟಕಿಗೆ ಬಿಸಿಲು ಬೀಳದು. ನಾವಾದರೋ ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವವರು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನು ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆ ದಿನಗಳ ಬೆಳಗು ಸಂಜೆಗಳಲ್ಲಿ ಉತ್ತರದ ಕಿಟಕಿಯೊಳಗೆ ಓರೆಬಿಸಿಲು ನುಗ್ಗುತ್ತದೆ. ಪರರ ಪುಸ್ತಕವನ್ನು ನಮ್ಮ ಆಕಾಶದ ಕೆಳಗಿಟ್ಟು ಓದಬೇಕೆಂಬುದಕ್ಕೆ ಇದೊಂದು ಸಣ್ಣ ನಿದರ್ಶನ. ಆ ತಿಂಗಳುಗಳಲ್ಲಿ ಕಿಟಕಿಗೆ ತೆಳುಬಟ್ಟೆಯ ಪರದೆ ಬೇಕು. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಈ ತೊಡಕೂ ಇಲ್ಲ. ಬಯಲಿಗೆ ತೆರೆದ ತೊಟ್ಟಿಯ ಪಕ್ಕದ ಪಡಸಾಲೆಗಿಂತ ಒಳ್ಳೆಯ ಸ್ಟುಡಿಯೊವನ್ನು ಹಣ ಕೊಟ್ಟು ಕಟ್ಟಿಸಲಾಗದು. ದುರದೃಷ್ಟವಶಾತ್ ತೊಟ್ಟಿಮನೆಗಳೇ ಅಪರೂಪವಾಗಿವೆ.

ಇನ್ನು, ಈ ವಿದ್ಯೆಯನ್ನು ಕಲಿಯಲು ಮುಖವೇ ಮೊದಲು ಬೇಕೆಂದಿಲ್ಲ. ಕುಳಿತವರು ಬೇಸರಗೊಳ್ಳುತ್ತಾರೆ, ಅಲುಗುತ್ತಾರೆ. ನಮ್ಮ ನೆಲದಲ್ಲಿಯೇ ಇದಕ್ಕೆ ಹೇಳಿಮಾಡಿಸಿದ ಎರಡು ವಸ್ತುಗಳಿವೆ. ಒಂದು ರೇಷ್ಮೆಗೂಡು, ಇನ್ನೊಂದು ಚನ್ನಪಟ್ಟಣದ ಬೊಂಬೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದುದು. ಒಂದು ಹಿಡಿ ಗೂಡು ತರುವುದು ಇಲ್ಲಿ ಯಾವ ವಿದ್ಯಾರ್ಥಿಗೂ ಕಷ್ಟವಲ್ಲ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯನ್ನು ನಮ್ಮ ರೈತರು ಚಂದ್ರಿಕೆ ಎನ್ನುತ್ತಾರೆ. ಬೆಳುದಿಂಗಳಿಗೂ ಅದೇ ಹೆಸರು. ಗೂಡಿನ ಮೈಗೆ ಹೊಳಪಿಲ್ಲ. ಅದು ಬಿದ್ದ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆಲ್ಲುತ್ತದೆ. ಅದನ್ನು ಕಿಟಕಿಯ ಬಳಿ ಇಟ್ಟು ನೋಡಿದರೆ ಬೆಳಕಿನ ಕಡೆಯಿಂದ ನೆರಳಿನ ಕಡೆಗೆ ಬಣ್ಣ ಹಂತಹಂತವಾಗಿ ಮಾಗುವುದು ಕಾಣುತ್ತದೆ. ದುಂಡು ಎಂಬ ಭಾವನೆ ಹುಟ್ಟುವುದು ಆ ಮಾಗುವಿಕೆಯಿಂದ.

ಚನ್ನಪಟ್ಟಣದ ಬೊಂಬೆಯ ಸ್ವಭಾವ ಇದಕ್ಕೆ ಪೂರ್ಣ ವಿರುದ್ಧ. ಮರವನ್ನು ಚರಕಿಯ ಮೇಲೆ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಕಡುಬಣ್ಣದ ಒಂದು ಬೊಂಬೆಯನ್ನು ಅದೇ ಕಿಟಕಿಯ ಬಳಿ ಇಡಿ. ನೆರಳು ಅಷ್ಟಾಗಿ ಕಾಣುವುದೇ ಇಲ್ಲ; ಬೊಂಬೆಯ ದುಂಡುತನವನ್ನು ಹೇಳುವುದು ಅದರ ಮೈಮೇಲೆ ಪ್ರತಿಫಲಿಸಿದ ಕಿಟಕಿಯ ಬಿಂಬ. ಸಣ್ಣ ಬಲ್ಬಿನ ಎದುರು ಇಟ್ಟರೆ ಬಿಂಬ ಒಂದು ಚುಚ್ಚುವ ಚುಕ್ಕೆಯಾಗಿ ಉಳಿದ ಭಾಗವೆಲ್ಲ ಕಪ್ಪಾಗುತ್ತದೆ. ಅಗಲವಾದ ಕಿಟಕಿಯ ಪಕ್ಕಕ್ಕೆ ತಂದರೆ ಬಿಂಬ ನೀಳವಾಗಿ, ಹೊಳೆಯ ನೀರಿನಂತೆ ಬೊಂಬೆಯ ಅಂಚಿನುದ್ದಕ್ಕೂ ಹರಿಯುತ್ತದೆ. ಬೆಳಕು ಎಲ್ಲಿಂದ ಬಂತು, ಎಷ್ಟು ಅಗಲದ್ದು ಎಂಬುದನ್ನು ಬೊಂಬೆಯೇ ತೋರಿಸಿಕೊಡುವುದು. ಗೂಡಿಗೆ ನೆರಳಿನ ಭಾಷೆ. ಬೊಂಬೆಗೆ ಬಿಂಬದ ಭಾಷೆ. ಮನುಷ್ಯನ ಚರ್ಮ ಈ ಎರಡನ್ನೂ ಆಡುತ್ತದೆ. ಬಿಳಿಯ ಚರ್ಮದಲ್ಲಿ ಗೂಡಿನ ಅಂಶ ಹೆಚ್ಚು, ಕಪ್ಪು ಚರ್ಮದಲ್ಲಿ ಬೊಂಬೆಯ ಅಂಶ ಹೆಚ್ಚು.

ಈ ಕೊನೆಯ ವಾಕ್ಯವೇ ಈ ಲೇಖನದ ಹೃದಯವೆಂದು ಓದುಗರು ತಿಳಿಯಬೇಕು. ನಾವು ಬಹುಪಾಲು ಕಪ್ಪು ಮತ್ತು ಕಂದು ಮೈಬಣ್ಣದ ಜನ. ಛಾಯಾಗ್ರಹಣದ ಯಂತ್ರಗಳೂ ನಿಯಮಗಳೂ ಬಂದುದು ಬಿಳಿಯ ಜನರ ನಾಡಿನಿಂದ. ಅಮೆರಿಕದ ಕೊಡ್ಯಾಕ್ ಕಂಪನಿಯವರು ಬಣ್ಣದ ಮುದ್ರಣವನ್ನು ಸರಿಹೊಂದಿಸಲು ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದುದು ಬಿಳಿಯ ಹೆಂಗಸಿನ ಮುಖ. ಅದಕ್ಕೆ 'ಷರ್ಲಿ ಕಾರ್ಡು' ಎಂದೇ ಹೆಸರು. ಆಕೆಯ ಮುಖ ಸರಿಯಾಗಿ ಬಂದರೆ ಎಲ್ಲರ ಮುಖವೂ ಸರಿ ಎಂಬುದು ಅಂದಿನ ನಂಬಿಕೆ. ನಾನಾ ವರ್ಣದ ಮುಖಗಳುಳ್ಳ ಕಾರ್ಡು ಬಂದುದು 1990ರ ದಶಕದಲ್ಲಿ. ಕ್ಯಾಮರಾದ ಬೆಳಕಿನ ಮಾಪಕವಾದರೂ ತನ್ನ ಮುಂದಿರುವುದೆಲ್ಲ ಒಟ್ಟಾರೆ ನಡುಬೂದು ಬಣ್ಣದ್ದು, ಬಿದ್ದ ಬೆಳಕಿನ ನೂರರಲ್ಲಿ ಸುಮಾರು 18 ಪಾಲನ್ನು ಹಿಂದಿರುಗಿಸುವಂಥದು ಎಂದು ಎಣಿಸಿಯೇ ಲೆಕ್ಕ ಹಾಕುತ್ತದೆ. ಕಪ್ಪು ಮೈಬಣ್ಣದ ಹುಡುಗಿಯನ್ನು ಬಿಳಿಯ ಗೋಡೆಯ ಮುಂದೆ ನಿಲ್ಲಿಸಿದರೆ ಮಾಪಕವು ಗೋಡೆಯ ಬಿಳುಪನ್ನು ಕಂಡು ಚಿತ್ರವನ್ನೆಲ್ಲ ತಗ್ಗಿಸುತ್ತದೆ; ಹುಡುಗಿಯ ಮುಖ ಇದ್ದುದಕ್ಕಿಂತ ಕಪ್ಪಾಗುತ್ತದೆ, ಕಣ್ಣುಮೂಗು ಕತ್ತಲಲ್ಲಿ ಮುಳುಗುತ್ತವೆ. ಆಗ ಮನೆಯವರು ಹೇಳುವ ಮಾತು ಎಲ್ಲ ಸ್ಟುಡಿಯೊಗಳಿಗೂ ಪರಿಚಿತವಾದದ್ದು: "ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ."

ಹಿಂದೆ ಇದನ್ನು ನೆಗಟಿವಿನ ಮೇಲೆ ಪೆನ್ಸಿಲಿನಿಂದ ತೀಡಿ ಮಾಡುತ್ತಿದ್ದರು. ಇಂದು ಕಂಪ್ಯೂಟರಿನಲ್ಲಿ ಕ್ಷಣಮಾತ್ರದಲ್ಲಿ ಆಗುತ್ತದೆ. ಮೊಬೈಲಾದರೆ ಕೇಳದೆಯೂ ಮಾಡಿಕೊಡುತ್ತದೆ. ಮೊದಲು ಅರಿವಿಲ್ಲದ ಬೆಳಕಿನಿಂದ ಮಗುವಿನ ಮುಖವನ್ನು ಕಪ್ಪು ಮಾಡುವುದು, ಅನಂತರ ಅದಕ್ಕೆ ಸುಣ್ಣ ಬಳಿಯುವುದು! ವಧುವಿನ ಕಡೆಯವರು ಕಳುಹಿಸಿದ ಇಂಥ ಚಿತ್ರವನ್ನು ನೋಡಿ ಬಂದವರು ಹುಡುಗಿಯನ್ನು ಕಂಡು ಮುಖ ಸಿಂಡರಿಸಿದರೆ, ಆ ಅವಮಾನ ಯಾರ ಪಾಲಿನದು? ತನ್ನ ಮೈಬಣ್ಣ ತಿದ್ದಬೇಕಾದ ಒಂದು ದೋಷವೆಂದು ಹದಿನಾಲ್ಕು ವರ್ಷದ ಹುಡುಗಿಗೆ ಮೊದಲು ಹೇಳಿಕೊಡುವುದು ಎಷ್ಟೋ ವೇಳೆ ಅವಳ ಭಾವಚಿತ್ರವೇ.

ಬೆಳಕಿನ ವಿದ್ಯೆ ಬಲ್ಲವನು ಇಲ್ಲಿ ಮಾಡುವುದು ಬೇರೆ. ಬಿಳಿಯ ಗೋಡೆಯನ್ನು ಬಿಟ್ಟು ಕಡುಬಣ್ಣದ ಹಿನ್ನೆಲೆಯನ್ನೋ, ನೆರಳಿನಲ್ಲಿರುವ ಗೋಡೆಯನ್ನೋ ಆರಿಸುತ್ತಾನೆ. ಮಾಪಕ ಹೇಳಿದ್ದನ್ನು ಕೇಳದೆ ಮುಖದ ಬೆಳಕನ್ನು ಮಾತ್ರ ಅಳೆಯುತ್ತಾನೆ. ಅಗಲವಾದ ಮೃದು ಬೆಳಕನ್ನು ಪಕ್ಕಕ್ಕೆ ತಂದು, ಬೊಂಬೆಯ ಮೇಲೆ ಹರಿದ ಬಿಂಬದಂತೆ, ಹಣೆಯ ಮೇಲೆ, ಕೆನ್ನೆಯ ಎಲುಬಿನ ಮೇಲೆ, ಮೂಗಿನ ದಂಡೆಯ ಮೇಲೆ ಅದನ್ನು ಹರಿಸುತ್ತಾನೆ. ಆಗ ಕಪ್ಪು ಕಪ್ಪಾಗಿಯೇ ಇದ್ದು ಬೆಳಗುತ್ತದೆ. ಮಾಗಡಿಯ ಸಾವನದುರ್ಗವನ್ನು ನೋಡಿದವರು ಬಲ್ಲರು: ಅಲ್ಲಿಯ ಎರಡು ಶಿಖರಗಳಿಗೆ ಕರಿಗುಡ್ಡ, ಬಿಳಿಗುಡ್ಡ ಎಂದು ಹೆಸರು. ನಡುಹಗಲಿನಲ್ಲಿ ಎರಡೂ ಚಪ್ಪಟೆ. ಸಂಜೆಯ ಓರೆಬಿಸಿಲು ಬಿದ್ದಾಗ ಬಂಡೆಯ ಒಂದೊಂದು ಮಡಿಕೆಯೂ ಮೇಲೆದ್ದು ಬರುತ್ತದೆ. ಕರಿಗುಡ್ಡಕ್ಕೆ ಸುಣ್ಣ ಬಳಿಯಿರೆಂದು ಯಾರೂ ಹೇಳಿದ್ದಿಲ್ಲ.

ಸುಕ್ಕುಗಳ ವಿಷಯವೂ ಹೀಗೆಯೇ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಭಾವಚಿತ್ರ ಈ ಸೀಮೆಯ ಅದೆಷ್ಟೋ ಮನೆ, ಅಂಗಡಿಗಳ ಗೋಡೆಯ ಮೇಲಿದೆ. ಆ ಮುಖದ ಒಂದೊಂದು ಗೆರೆಯನ್ನೂ ಜನ ಭಕ್ತಿಯಿಂದ ನೋಡುತ್ತಾರೆ. ಗೆರೆಗಳನ್ನು ಅಳಿಸಿ ಕೊಡಿರೆಂದು ಯಾರೂ ಕೇಳುವುದಿಲ್ಲ. ಅದೇ ಜನ ತಮ್ಮ ಅಜ್ಜಿಯ ಚಿತ್ರಕ್ಕೆ ಬಂದಾಗ ಸುಕ್ಕನ್ನೆಲ್ಲ ತೆಗೆಸಿ, ಎಂಬತ್ತರ ಮುಖವನ್ನು ನಲವತ್ತರ ಮುಖವಾಗಿ ಮಾಡಿಸುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ನಾವೆಲ್ಲರೂ ಕೇಳಿಕೊಳ್ಳತಕ್ಕದ್ದು.

ನಮ್ಮ ಹಿರಿಯರ ಮುಖದಲ್ಲಿ ಛಾಯಾಗ್ರಾಹಕನಿಗೆ ಮೂರು ತೊಡಕುಗಳಿವೆ. ಅವುಗಳ ಪರಿಹಾರ ಯಾವ ವಿದೇಶಿ ಪುಸ್ತಕದಲ್ಲಿಯೂ ಒಟ್ಟಿಗೆ ಸಿಗಲಾರದು. ಕಂದುಹಣೆಯ ಮೇಲೆ ಧರಿಸಿದ ವಿಭೂತಿ ಅಚ್ಚಬಿಳಿ. ನೇರ ಫ್ಲ್ಯಾಶಿಗೆ ಅದು ಉರಿದುಹೋಗಿ ಹಣೆಯ ಮೇಲೊಂದು ಬಿಳಿಯ ಕಲೆ ಉಳಿಯುತ್ತದೆ, ಮೂರು ರೇಖೆಗಳು ಬೇರೆಬೇರೆಯಾಗಿ ಕಾಣವು. ಕನಕಪುರದ ಮೇಕೆದಾಟಿನಲ್ಲಿ ಬಂಡೆಯ ನೆರಳನ್ನೂ ಕಾವೇರಿಯ ನೊರೆಯನ್ನೂ ಒಂದೇ ಚಿತ್ರದಲ್ಲಿ ಹಿಡಿಯಹೋದವರಿಗೆ ಈ ಕಷ್ಟ ಗೊತ್ತು. ಇದಕ್ಕೆ ಬೆಳಕನ್ನು ಓರೆ ಮಾಡಬೇಕು, ಮೃದು ಮಾಡಬೇಕು, ವಿಭೂತಿಯ ಬಿಳುಪು ಉಳಿಯುವಷ್ಟೇ ಬೆಳಕನ್ನು ಒಳಗೆ ಬಿಟ್ಟು, ನೆರಳಿನ ಕಡೆಗೆ ಬಿಳಿಯ ಥರ್ಮೊಕೋಲ್ ಹಲಗೆ ಹಿಡಿದು ಮುಖವನ್ನು ಎತ್ತಬೇಕು. ಎರಡನೆಯದು ಕನ್ನಡಕ. ಬೆಳಕು ಬಿದ್ದ ಕೋನದಲ್ಲಿಯೇ ಹಿಂದಿರುಗುತ್ತದೆಂಬ ನಿಯಮವನ್ನು ವಿಜ್ಞಾನದ ಪಾಠದಲ್ಲಿ ಎಲ್ಲರೂ ಬರೆದು ಅಂಕ ಪಡೆದಿರುತ್ತಾರೆ. ದೀಪವನ್ನು ಇನ್ನಷ್ಟು ಮೇಲಕ್ಕೂ ಬದಿಗೂ ಒಯ್ದು, ಕನ್ನಡಕದ ಕಡ್ಡಿಗಳನ್ನು ಕಿವಿಯ ಬಳಿ ತುಸು ಎತ್ತಿದರೆ ಗಾಜಿನ ಹೊಳಪು ಕ್ಯಾಮರಾವನ್ನು ತಪ್ಪಿಸಿ ನೆಲಕ್ಕೆ ಹೋಗುತ್ತದೆಂಬುದು ಅದೇ ನಿಯಮ. ಮೂರನೆಯದು ಬಣ್ಣದ ಬಟ್ಟೆ. ಕಾವಿಯಾಗಲಿ, ಕೆಂಪು ಸೀರೆಯಾಗಲಿ, ಹಸಿರು ಗೋಡೆಯಾಗಲಿ ತನ್ನ ಬಣ್ಣವನ್ನು ಗಲ್ಲದ ಅಡಿಗೆ ಚೆಲ್ಲುತ್ತದೆ. ಕಾವಿಯ ಛಾಯೆ ಮುಖಕ್ಕೆ ಒಪ್ಪುತ್ತದೆ. ಹಸಿರು ಗೋಡೆಯದು ರೋಗಿಯ ಕಳೆ ತರುತ್ತದೆ. ಕಿಟಕಿಯ ಬೆಳಕಿನಲ್ಲಿ ತೆಗೆಯುವಾಗ ಕೋಣೆಯ ಬಲ್ಬು, ಟ್ಯೂಬ್‌ಲೈಟುಗಳನ್ನು ಆರಿಸಬೇಕೆಂಬುದೂ ಇದೇ ಕಾರಣಕ್ಕೆ. ಎರಡು ಬಣ್ಣದ ಬೆಳಕುಗಳು ಒಂದೇ ಮುಖದ ಮೇಲೆ ಜಗಳವಾಡುತ್ತವೆ.

ಇದೆಲ್ಲ ದೊಡ್ಡ ಊರಿನವರ, ಹಣವುಳ್ಳವರ ಹವ್ಯಾಸವೆಂದು ಕೆಲವರು ಆಕ್ಷೇಪಿಸಬಹುದು. ಅವರಿಗೆ ವಿ. ಕೆ. ಮೂರ್ತಿಯವರ ಹೆಸರನ್ನು ಹೇಳಬಯಸುತ್ತೇನೆ. 1923ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು ಬೆಳಕಿನ ವಿದ್ಯೆಯನ್ನು ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾದ ಸಂಸ್ಥೆಯಲ್ಲಿ. ಮುಂದೆ ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳಿಗೆ ಛಾಯಾಗ್ರಾಹಕರಾದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕಂಬವನ್ನು ಇಂದಿಗೂ ಜನ ಕೊಂಡಾಡುತ್ತಾರೆ. ಅದನ್ನು ಅವರು ಸಾಧಿಸಿದ್ದು ಎರಡು ದೊಡ್ಡ ಕನ್ನಡಿಗಳಿಂದ; ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹಾಯಿಸಿ ಒಳಗೆ ತಂದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರಿಗೆ ಸಂದಿತು. ಛಾಯಾಗ್ರಾಹಕನೊಬ್ಬನಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಬಂಗಾಳದ ಸುಬ್ರತ ಮಿತ್ರ ಅವರು ಸತ್ಯಜಿತ್ ರಾಯರ 'ಅಪರಾಜಿತೊ' (1956) ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳದ ಬೆಳಕನ್ನು ಸ್ಟುಡಿಯೊದಲ್ಲಿ ತರಬೇಕಾದಾಗ, ಬಿಳಿಯ ಬಟ್ಟೆಯನ್ನು ಬಿಗಿದು ಕಟ್ಟಿ ದೀಪಗಳನ್ನು ಅದಕ್ಕೆ ಬಡಿದು ಹಿಂದಿರುಗುವಂತೆ ಮಾಡಿದರು. ಕನ್ನಡಿ, ಬಟ್ಟೆ! ಇವೆರಡೂ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ?

ದೂರ ಹೋಗುವುದೇಕೆ? ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿಯೇ 1973ರಿಂದ ಚಿತ್ರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ'ಯನ್ನು ಎಲ್ಲರೂ ಬಂದೂಕು, ಕುದುರೆಗಳಿಗಾಗಿ ನೆನೆಯುತ್ತಾರೆ. ಅದರಲ್ಲಿ ವಿಧವೆ ರಾಧೆ ಮುಸ್ಸಂಜೆಯಲ್ಲಿ ಮನೆಯ ದೀಪಗಳನ್ನು ಒಂದೊಂದಾಗಿ ಆರಿಸುವ ಒಂದು ಚಿಕ್ಕ ದೃಶ್ಯವಿದೆ. ಸೂರ್ಯ ಮುಳುಗಿದ ಮೇಲೆ ಕತ್ತಲಾಗುವ ಮುನ್ನ ಉಳಿಯುವ ಆ ಕೆಲವೇ ನಿಮಿಷಗಳ ಬೆಳಕಿಗಾಗಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು ದಿನಗಟ್ಟಲೆ ಕಾದರು. ಅದೇ ಬೆಳಕು ಈ ಊರಿನ ಮೇಲೆ ಪ್ರತಿ ಸಂಜೆ ಬಿಟ್ಟಿಯಾಗಿ ಬೀಳುತ್ತಿದೆ. ಆ ಹೊತ್ತಿಗೆ ಜಗಲಿಯ ಮೇಲೆ ಕುಳಿತ ಯಾರ ಮುಖವೂ ಸುಂದರವೇ.

ಮೊಬೈಲೇ ಎಲ್ಲವನ್ನೂ ಮಾಡುವಾಗ ಕಲಿಯುವುದೇಕೆ ಎಂಬುದು ಇನ್ನೊಂದು ಆಕ್ಷೇಪ. ಮೊಬೈಲು ಹಿನ್ನೆಲೆಯನ್ನು ಮಸುಕು ಮಾಡಬಲ್ಲದು, ಬಣ್ಣ ತಿದ್ದಬಲ್ಲದು. ನೆತ್ತಿಯ ಮೇಲಿನ ದೀಪದಿಂದ ಎದ್ದು ಕಿಟಕಿಯ ಬಳಿಗೆ ಬನ್ನಿರೆಂದು ಅಜ್ಜಿಗೆ ಹೇಳಲಾರದು. ಕೈಯಳತೆಯಿಂದ ತೆಗೆದರೆ ಮೂಗು ದಪ್ಪವಾಗಿ ಕಿವಿ ಸಣ್ಣದಾಗುತ್ತದೆ, ಐದಾರು ಅಡಿ ಹಿಂದೆ ಸರಿಯಬೇಕೆಂಬ ವಿವೇಕವೂ ಹಿಡಿದವನಿಗೇ ಬರಬೇಕು.

ಪಟ್ಟಣಗಳ ಸ್ಟುಡಿಯೊದವರನ್ನು ನಾನು ದೂರುತ್ತಿಲ್ಲ. ಪಾಸ್‌ಪೋರ್ಟಿನ ಚಿತ್ರಕ್ಕೆ ಬಿಳಿಯ ಹಿನ್ನೆಲೆ ಬೇಕು, ಮುಖದ ಮೇಲೆ ನೆರಳು ಇರಬಾರದು ಎಂಬುದು ಕಛೇರಿಗಳ ನಿಯಮ. ಗುರುತು ಹಿಡಿಯಲು ಅದು ಸರಿಯೇ. ಎರಡು ಕೊಡೆಗಳನ್ನು ಎರಡು ಬದಿಗೆ ಶಾಶ್ವತವಾಗಿ ನೆಟ್ಟು, ಬಂದವರನ್ನೆಲ್ಲ ಅವುಗಳ ನಡುವೆ ಕೂರಿಸುವುದು ಹೊಟ್ಟೆಪಾಡಿನ ಮಾತು. ಆದರೆ ಒಂದು ಕಾಲಕ್ಕೆ ಅದೇ ಕೋಣೆಗಳಲ್ಲಿ ದೀಪವನ್ನು ಅತ್ತಿತ್ತ ಸರಿಸಿ, ಗಲ್ಲವನ್ನು ಬೆರಳಿನಿಂದ ತುಸು ತಿರುಗಿಸಿ, ಉಸಿರು ಬಿಗಿಹಿಡಿಸಿ ತೆಗೆಯುತ್ತಿದ್ದ ಮುದುಕರಿದ್ದರು. ಅವರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರ ಕೈಯಲ್ಲಿರುವ ವಿದ್ಯೆಗೆ ಶಿಷ್ಯರಿಲ್ಲ.

ಆದ್ದರಿಂದ ನಮ್ಮ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಒಂದು ಕೋಣೆ, ಅದಕ್ಕೊಂದು ಅಗಲವಾದ ಕಿಟಕಿ, ಒಂದು ಬೆನ್ನಿಲ್ಲದ ಮಣೆ, ಎರಡು ಥರ್ಮೊಕೋಲ್ ಹಲಗೆ, ಕಡುಬೂದು ಬಣ್ಣದ ಒಂದು ಬಟ್ಟೆ, ಒಂದು ಕನ್ನಡಿ, ಚೌಕಟ್ಟಿಗೆ ಕಟ್ಟಿದ ಪಂಚೆ, ಕಿಟಕಿ ಕೆಲಸ ಮಾಡದ ಮಳೆಗಾಲಕ್ಕೆ ಒಂದು ಎಲ್‌ಇಡಿ ದೀಪ. ಕ್ಯಾಮರಾ ಶಾಲೆಯದು ಒಂದೇ ಇದ್ದರೂ ಸಾಕು. ಅದೂ ಇಲ್ಲವಾದರೆ ಅಧ್ಯಾಪಕರ ಮೊಬೈಲು. ಶನಿವಾರದ ಮಧ್ಯಾಹ್ನ ಊರಿನ ಹಳೆಯ ಸ್ಟುಡಿಯೊದವರನ್ನು ಗೌರವಧನ ಕೊಟ್ಟು ಕರೆಸಬೇಕು. ಮೊದಲ ತಿಂಗಳು ಗೂಡು ಮತ್ತು ಬೊಂಬೆ, ಎರಡನೆಯ ತಿಂಗಳು ಸಹಪಾಠಿಗಳ ಮುಖ, ಬಣ್ಣವನ್ನಾಗಲಿ ಸುಕ್ಕನ್ನಾಗಲಿ ತಿದ್ದಕೂಡದೆಂಬ ಕಟ್ಟುನಿಟ್ಟಿನೊಂದಿಗೆ. ಹತ್ತನೆಯ ತರಗತಿ ಮುಗಿಯುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅತ್ಯಂತ ಹಿರಿಯರ ಭಾವಚಿತ್ರವೊಂದನ್ನು ಅವರ ಒಪ್ಪಿಗೆ ಪಡೆದು, ಅವರಿಗೆ ಇಷ್ಟವಾದ ಉಡುಗೆಯಲ್ಲಿ ತೆಗೆಯಬೇಕು. ಅದನ್ನು ಮೊಬೈಲಿನಲ್ಲಿ ಬಿಡದೆ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವರ ಹೆಸರು, ಊರು, ತೆಗೆದ ವರ್ಷಗಳನ್ನು ಬರೆದು, ಅವರು ಇರುವಾಗಲೇ ಅವರ ಕೈ ಸೇರಿಸಬೇಕು.